ಹೆಡ್‌ಫೋನಿನಲ್ಲಿ ಕೇಳಿದ ಉಸಿರು

ಹೆಡ್‌ಫೋನಿನೊಳಗೆ ಯಾರೋ ಉಸಿರಾಡಿದರು.

ಹಾಳೆ ತಿರುವುತ್ತಿದ್ದ ಅವಳ ಕೈ ಅಲ್ಲೇ ನಿಂತಿತು.

ಅದು ಅವಳ ಉಸಿರಲ್ಲ. ಪರದೆಯ ಮೇಲಿನ ನಟಿಯದೂ ಅಲ್ಲ, ಚಿತ್ರವಿನ್ನೂ ಓಡಲು ಶುರುವಾಗಿರಲಿಲ್ಲ. ಗಾಜಿನ ಆಚೆ, ಧ್ವನಿಮುದ್ರಣದ ಯಂತ್ರದ ಮುಂದಿನ ಕುರ್ಚಿ ಖಾಲಿ. ಸೌಂಡಣ್ಣ ಚಹಾ ತರಲು ಹೋಗಿದ್ದರು.

ಮೊದಲು ಸಣ್ಣದಾಗಿ ಒಂದು ಎಳೆತ... ಸ್ವಲ್ಪ ಬಿಟ್ಟು ಇನ್ನೊಂದು...

ಹೀಗೆ ಎರಡು ತುಂಡು ಮಾಡಿ ಉಸಿರೆಳೆದುಕೊಳ್ಳುವವನು ಅವಳಿಗೆ ಗೊತ್ತಿದ್ದಂತೆ ಒಬ್ಬನೇ. ಎರಡು ವರ್ಷದ ಹಿಂದೆ ಹೇಳದೆ ಕೇಳದೆ ಮಾಯವಾದವನು!

"ನೀನಾ?" ಎಂದಳು ಮೈಕಿಗೆ.

ಉಸಿರು ತಟ್ಟನೆ ನಿಂತಿತು. 'ಟಕ್' ಎಂದು ಒಂದು ಸದ್ದು. ಆಮೇಲೆ ಏನೂ ಇಲ್ಲ.

ಸೌಂಡಣ್ಣ ಎರಡು ಲೋಟ ಹಿಡಿದು ಒಳಗೆ ಬಂದವರು ಅವಳ ಮುಖ ನೋಡಿ ಗಾಬರಿಯಾದರು. "ಏನಮ್ಮಾ ರಾಣಿ, ದೆವ್ವ ಕಂಡವಳ ಹಾಗೆ ನಿಂತಿದ್ದೀಯಲ್ಲ!"

"ಕಾಣಲಿಲ್ಲ ಅಣ್ಣ... ಕೇಳಿಸ್ತು."

"ವೈರು ಹಳೇದು ಕಣಮ್ಮ. ಒಂದೊಂದ್ಸಲ ಏನೇನೋ ಸದ್ದು ಬರುತ್ತೆ." ಹೀಗೆ ಹೇಳುವಾಗ ಅವರು ಅವಳ ಕಡೆ ನೋಡಲಿಲ್ಲ. ಸುಳ್ಳು ಹೇಳಲು ಬಾರದವರು ಮಾಡುವ ಹಾಗೆ ಲೋಟದೊಳಗೆ ಇಣುಕುತ್ತಿದ್ದರು.

ಅವಳು ರಾಣಿ ಅಲ್ಲ, ರಾಣಿಯ ಧ್ವನಿ. 'ಮಂಜುಕೋಟೆ' ಸಿನಿಮಾ ಸರಣಿಯ ರಾಣಿ ಪರದೆಯ ಮೇಲೆ ಬೇರೆ ಭಾಷೆಯಲ್ಲಿ ಬಾಯಿ ಆಡಿಸುತ್ತಿದ್ದಳು, ಕನ್ನಡದಲ್ಲಿ ಅವಳಿಗೆ ಜೀವ ಕೊಟ್ಟವಳು ಇವಳು. ಮೊದಲ ಭಾಗ ಬಂದಾಗ ಹಾಲು ಕುಡಿಯುತ್ತಿದ್ದ ಮಕ್ಕಳು ಈಗ ಶಾಲೆಯ ಚೀಲ ಹೊರುತ್ತಿದ್ದರು. ಇನ್ನು ಉಳಿದಿರುವುದು ಕೊನೆಯ ಭಾಗ ಒಂದೇ.

ಆ ಕೊನೆಯ ಭಾಗಕ್ಕೆ ಊರಿಗೆ ಊರೇ ಬಾಯಿಬಿಟ್ಟುಕೊಂಡು ಕಾಯುತ್ತಿತ್ತು! ಹೋದ ಸಲ ಕಥಾನಾಯಕ ಸವಾರ ಕುದುರೆಯೇರಿ ಮಂಜಿನೊಳಗೆ ಹೋದವನು ತಿರುಗಿ ಬಂದಿರಲಿಲ್ಲ. ಸತ್ತನೋ, ಬದುಕಿದನೋ? ಬಸ್ಸಿನಲ್ಲಿ ಅದೇ ಮಾತು, ಕ್ಷೌರದ ಅಂಗಡಿಯಲ್ಲಿ ಅದೇ ಜಗಳ. ಹಳೆಯ ಭಾಗಗಳನ್ನೆಲ್ಲ ಮತ್ತೆ ಚಿತ್ರಮಂದಿರಕ್ಕೆ ತಂದಿದ್ದರು. 'ನನ್ನ ಕುದುರೆ ಎಲ್ಲಿ?' ಎಂಬ ಸವಾರನ ಮಾತು ಜನರ ಫೋನಿನಲ್ಲಿ ರಿಂಗಾಗುತ್ತಿತ್ತು. ಪಕ್ಕದ ಮನೆಯ ಟಿವಿಯಲ್ಲಿ ಸವಾರ ನಗುತ್ತಿದ್ದ, ಇವಳು ಈಚೆ ಪಾತ್ರೆ ತೊಳೆಯುತ್ತಾ ನಿಂತುಬಿಡುತ್ತಿದ್ದಳು.

ಜನರಿಗೆ ಅದು ಸವಾರನ ಧ್ವನಿ. ಅವಳಿಗೆ ಅದು 'ಅವನ' ಧ್ವನಿ. ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಸವಾರ ಎಂದೇ ಕರೆಯುತ್ತಿದ್ದರು. ಒಂದೇ ಮೈಕಿನ ಮುಂದೆ, ಭುಜಕ್ಕೆ ಭುಜ ತಾಗುವಂತೆ ನಿಂತು ಅವರಿಬ್ಬರೂ ಎಷ್ಟೋ ಯುದ್ಧ ಗೆದ್ದಿದ್ದರು, ಎಷ್ಟೋ ಸಲ ಅತ್ತಿದ್ದರು. ಬದುಕಿರುವ ಮನುಷ್ಯನೊಬ್ಬ ದೆವ್ವವಾಗಿ ಕಾಡುವುದೆಂದರೆ ಹೀಗೇ ಇರಬೇಕು... ಕಿವಿ ಮುಚ್ಚಿದರೂ ಬಿಡುತ್ತಿರಲಿಲ್ಲ.

"ಚಿಕ್ಕಿ, ಸವಾರ ಬರ್ತಾನಾ?" ಮನೆಗೆ ಕಾಲಿಟ್ಟ ಕೂಡಲೇ ಕಡ್ಡಿಯ ಪ್ರಶ್ನೆ.

ಕಡ್ಡಿ ಅಕ್ಕನ ಮಗಳು. ಎಷ್ಟು ತಿಂದರೂ ಮೈಗೆ ಹತ್ತದ್ದರಿಂದ ಆ ಹೆಸರು. ಅಂಬೆಗಾಲಿಡುವ ಹೊತ್ತಿಗೆ ತಾಯಿ ಹೋಗಿದ್ದಳು, ತಂದೆ ಅದಕ್ಕೂ ಮೊದಲು. ಅಂದಿನಿಂದ ಚಿಕ್ಕಮ್ಮನೇ ಎಲ್ಲ.

"ಹೇಳಬಾರದು ಕಣೇ. ಸಹಿ ಹಾಕಿಸ್ಕೊಂಡಿದ್ದಾರೆ."

"ಬೆರಳಲ್ಲಿ ತೋರಿಸು! ಬರ್ತಾನೆ ಅಂದ್ರೆ ಒಂದು, ಬರಲ್ಲ ಅಂದ್ರೆ ಎರಡು."

"ತಲೆ ತಿನ್ಬೇಡ, ಕೈಕಾಲು ತೊಳ್ಕೊ."

ಹುಡುಗಿ ಎರಡು ಹೆಜ್ಜೆ ಹೋಗಿ ತಿರುಗಿದಳು. "ಹೋಗ್ಲಿ, ನಮ್ಮ ಸವಾರ ಮಾಮನಾದ್ರೂ ಬರ್ತಾರಾ?"

ಇದಕ್ಕೆ ಯಾರೂ ಸಹಿ ಹಾಕಿಸಿಕೊಂಡಿರಲಿಲ್ಲ. ಆದರೂ ಅವಳು ಅಡುಗೆಮನೆಗೆ ನಡೆದುಬಿಟ್ಟಳು.

ಹೋದ ಭಾಗದ ಕೊನೆಯ ದಿನ, ಸ್ಟುಡಿಯೋದ ಮೆಟ್ಟಿಲ ಮೇಲೆ ಅವನು ಹೇಳಿದ್ದ, "ನಾಳೆ ನಿನಗೊಂದು ಮಾತು ಹೇಳಬೇಕು." ಆ ದಿನ ಅವನ ಗಂಟಲು ಕಟ್ಟಿತ್ತು. ಶೀತ ಎಂದಿದ್ದ. ಯಾವ ಮಾತೆಂದು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಗಟ್ಟಿ ಮನಸ್ಸು ಮಾಡಿ ಅಂದಿದ್ದಳು, "ಹೇಳೋಕೆ ಮುಂಚೆ ಒಂದು ತಿಳ್ಕೊ. ಕಡ್ಡಿ ನನ್ನ ಮಗಳು. ನಾನೆಲ್ಲೋ ಅವಳೂ ಅಲ್ಲೇ."

ಅವನು ನಕ್ಕಿದ್ದ. "ಗೊತ್ತು."

ಮರುದಿನ ಅವನು ಬರಲಿಲ್ಲ. ಫೋನು ಬಂದ್. ಮನೆಗೆ ಬೀಗ. 'ನನ್ನನ್ನು ಹುಡುಕಬೇಡ' ಎಂದು ಒಂದೇ ಒಂದು ಸಂದೇಶ.

ಅವಳಿಗೆ ಅರ್ಥವಾಗಿತ್ತು. ಅಥವಾ ಅರ್ಥವಾಯಿತು ಎಂದುಕೊಂಡಳು! ಇನ್ನೊಬ್ಬರ ಮಗುವಿನ ಜವಾಬ್ದಾರಿ ಯಾರಿಗೆ ಬೇಕು?

ಹೆಡ್‌ಫೋನಿನಲ್ಲಿ ಉಸಿರು ಕೇಳಿದ ಮಾರನೆಯ ದಿನ ಅವಳು ಹೆದರುತ್ತಲೇ ಸ್ಟುಡಿಯೋಗೆ ಹೋದಳು. ಅಂದು ಮುದ್ರಿಸಬೇಕಾದದ್ದು ಕೊನೆಯ ದೃಶ್ಯಗಳು. ರಾಣಿಯ ಸತ್ತ ಅಕ್ಕ ಮಂಜಿನೊಳಗಿಂದ ನಡೆದು ಬರುತ್ತಾಳೆ. ತಂಗಿಯ ಹತ್ತಿರ ಕೂರುತ್ತಾಳೆ, ಮಾತಾಡುತ್ತಾಳೆ, ಮತ್ತೆ ಹೊರಟುಹೋಗುತ್ತಾಳೆ.

'ಅಕ್ಕ' ಎಂಬ ಮಾತು ಅವಳ ಬಾಯಿಂದ ಬರುತ್ತಿರಲಿಲ್ಲ.

ಸ್ವಂತ ಅಕ್ಕ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾಗ ಇವಳು ಇದೇ ಮೈಕಿನ ಮುಂದೆ ಇದ್ದಳು. ಒಳಗೆ ಫೋನು ತರುವಂತಿಲ್ಲ. ಹೊರಗೆ ಬಂದು ಓಡಿಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಸ್ಪತ್ರೆಯ ಓಣಿಯಲ್ಲಿ "ಅಕ್ಕಾ!" ಎಂದು ಕೂಗಿದ್ದೇ ಕಡೆ. ಆಮೇಲೆ ಆ ಮಾತು ಬಂದಲ್ಲೆಲ್ಲ ಗಂಟಲು ಕಟ್ಟಿಬಿಡುತ್ತಿತ್ತು.

ಅದನ್ನು ಗಮನಿಸಿದವನು ಅವನೊಬ್ಬನೇ. ಒಂದು ಮಾತೂ ಕೇಳಲಿಲ್ಲ. ಅವಳ ಹಾಳೆ ಎಳೆದುಕೊಂಡು 'ಅಕ್ಕ' ಹೊಡೆದುಹಾಕಿ, ನಟಿಯ ತುಟಿಗೆ ಹೊಂದುವ ಬೇರೆ ಮಾತು ಬರೆದುಕೊಟ್ಟಿದ್ದ. ಪ್ರತಿ ಭಾಗದಲ್ಲೂ ಹಾಗೇ. ಸೌಂಡಣ್ಣನಿಗೂ ಇದು ಗೊತ್ತಿರಲಿಲ್ಲ.

ಇವತ್ತು ಯಾರು ಬದಲಾಯಿಸುತ್ತಾರೆ?

ಪರದೆಯ ಮೇಲೆ ದೃಶ್ಯ ಓಡಿತು. ನಟಿ ತನ್ನ ಭಾಷೆಯಲ್ಲಿ ಅಕ್ಕಾ, ಅಕ್ಕಾ ಎಂದು ಹತ್ತಾರು ಸಲ ಕರೆಯುತ್ತಿದ್ದಳು. ಇವಳು ಹಾಳೆ ಎತ್ತಿಕೊಂಡು ಓದಿದಳು.

'ನೀನಿಲ್ಲದ ಕೋಟೆಗೆ ನಾನು ಹೇಗೆ ರಾಣಿಯಾಗಲಿ?'

ಮುಂದಿನ ಹಾಳೆ. ಅದರ ಮುಂದಿನದು. ಎಲ್ಲೂ ಇಲ್ಲ! ಇಡೀ ದೃಶ್ಯದಲ್ಲಿ ಆ ಮಾತು ಒಂದು ಸಲವೂ ಇಲ್ಲ. ಆದರೂ ಪ್ರತಿ ಸಾಲೂ ತುಟಿಗೆ ಅಚ್ಚುಕಟ್ಟಾಗಿ ಕೂರುತ್ತಿತ್ತು.

ನಿನ್ನೆಯ ಉಸಿರು ನೆನಪಾಯಿತು.

"ಅಣ್ಣ, ಇದನ್ನ ಬರೆದಿದ್ದು ಯಾರು?"

"ಯಾರೋ ಹೊಸಬ ಕಣಮ್ಮ..."

"ಅಣ್ಣ! ನನ್ನ ಮುಖ ನೋಡಿ ಹೇಳಿ."

ಗಾಜಿನಾಚೆ ಸೌಂಡಣ್ಣ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿದರು. "ಮಾತು ಕೊಟ್ಟಿದ್ದೀನಿ ತಾಯಿ, ಬಾಯಿ ಬಿಡೋ ಹಾಗಿಲ್ಲ." ಬಾಯಿ ಬಿಡದಿದ್ದರೇನು, ಕಣ್ಣು ಹಿಂದಿನ ಚಿಕ್ಕ ಕೋಣೆಯ ಬಾಗಿಲಿನತ್ತ ಹೋಗಿಬಿಟ್ಟಿತು!

ಸಂಭಾಷಣೆ ಬರೆಯುವವರು ಕೂತು ಕೇಳುವ ಕೋಣೆ ಅದು. ಒಳಗೆ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಅಲ್ಲಿನ ಮಾತು ಮೈಕಿನ ಮುಂದಿರುವವರ ಹೆಡ್‌ಫೋನಿಗೆ ಬರುತ್ತದೆ. ನಿನ್ನೆ ಯಾರೋ ಅದನ್ನು ಆರಿಸಲು ಮರೆತಿದ್ದರು.

ಅವಳು ಬಾಗಿಲ ಕಡೆ ಓಡಲಿಲ್ಲ. ಓಡಿದರೆ ಅವನು ಮತ್ತೆ ಮಾಯವಾದಾನು. ಮೈಕಿಗೆ ಇನ್ನಷ್ಟು ಹತ್ತಿರ ನಿಂತಳು.

"ಕೇಳಿಸ್ತಿದೆ ತಾನೇ? ಹಾಗಾದ್ರೆ ಕೇಳು. ಕಡ್ಡಿ ಬೇಡವಾಗಿದ್ರೆ ನನ್ನ ಮುಖಕ್ಕೇ ಹೇಳಬಹುದಿತ್ತು. ನಾನು ಅಳ್ತಿದ್ದೆ, ಬೈತಿದ್ದೆ, ಸುಮ್ಮನಾಗ್ತಿದ್ದೆ. ಹೀಗೆ ಸತ್ತೆಯೋ ಬದುಕಿದೆಯೋ ಗೊತ್ತಾಗದ ಹಾಗೆ ಮಾಡೋದು... ಊರಲ್ಲಿರೋ ಪ್ರತಿ ಟಿವಿಯಲ್ಲೂ ನೀನು ಮಾತಾಡ್ತೀಯ, ನನ್ನ ಹತ್ರ ಮಾತ್ರ ಮಾತಿಲ್ಲ!"

ಟಕ್.

ಎರಡು ತುಂಡು ಉಸಿರು. ಆಮೇಲೆ...

"ಕಡ್ಡಿ ಕಾರಣ ಅಲ್ಲ."

ಅವಳು ಬೆಚ್ಚಿದಳು. ಇದು ಯಾರ ಧ್ವನಿ? ಒರಟು ನೆಲದ ಮೇಲೆ ಪೆಟ್ಟಿಗೆ ಎಳೆದಂಥ ಸದ್ದು, ಅರ್ಧ ಗಾಳಿ, ಅರ್ಧ ಮಾತು.

"ಹೆದರಬೇಡ. ಇದೇ... ಉಳಿದಿರೋದು. ಅವತ್ತು ಶೀತ ಅಂದಿದ್ದೆನಲ್ಲ, ಶೀತ ಅಲ್ಲ. ಗಂಟಲಲ್ಲಿ ಗಡ್ಡೆ. ಮಾರನೇ ದಿನವೇ ಸೇರಿಸ್ಕೊಂಡ್ರು. ಜೀವ ಉಳೀತು. ಧ್ವನಿ ಹೋಯ್ತು."

"ಯಾಕೆ... ಯಾಕೆ ಹೇಳಲಿಲ್ಲ?" ಅವಳ ಕೆನ್ನೆ ಒದ್ದೆಯಾಗಿತ್ತು.

"ಯಾವ ಧ್ವನಿಯಲ್ಲಿ ಹೇಳಲಿ? ಊರಿಗೆಲ್ಲ ಬೇಕಾಗಿದ್ದು ಆ ಧ್ವನಿ. ನಿನಗೂ ಅದೇ ಅಂದ್ಕೊಂಡೆ. ಅದು ಹೋದ ಮೇಲೆ ನಾನು ಯಾರು? ಬೀದಿಯಲ್ಲಿ ನನ್ನ ಧ್ವನಿ ನನಗೇ ಕೇಳಿಸಿದ್ರೆ ಓಡಿಹೋಗ್ತೀನಿ ಕಣೇ."

ಹಾಗಾದರೆ ಆ ದೆವ್ವ ಅವನನ್ನೂ ಕಾಡುತ್ತಿತ್ತು! ಎರಡು ವರ್ಷ ಅವಳು ಬೈದದ್ದು ಯಾರನ್ನು, ಶಪಿಸಿದ್ದು ಯಾರನ್ನು! ಆಸ್ಪತ್ರೆಯಲ್ಲಿ ಒಬ್ಬನೇ ಮಲಗಿ ಛಾವಣಿ ನೋಡುತ್ತಿದ್ದವನನ್ನು...

"ದಡ್ಡ!" ಎಂದಳು ಅವಳು ಅಳುತ್ತಲೇ. "ಮಾತು ಕೇಳಿ ಮರುಳಾಗಿದ್ದು ಊರಿನವರು. ನಾನು ಪಕ್ಕದಲ್ಲಿ ನಿಂತು ಕೇಳ್ತಿದ್ದಿದ್ದು ಮಾತಿಗೆ ಮುಂಚಿನ ಉಸಿರು. ನಿನ್ನೆ ಒಂದೇ ಕ್ಷಣಕ್ಕೆ ಗುರುತು ಹಿಡಿದೆನಲ್ಲ, ನೀನು ಒಂದು ಅಕ್ಷರ ಆದ್ರೂ ಆಡಿದ್ದೆಯಾ?"

ಆ ಕಡೆ ಅವನು ಮೂಗೆಳೆದುಕೊಂಡ ಸದ್ದು ಬಂತು.

"ಹೊರಗೆ ಬಾ."

"ಮೊದಲು ದೃಶ್ಯ ಮುಗಿಸು ರಾಣಿ. ಜನ ಕಾಯ್ತಿದ್ದಾರೆ... ಕೊನೇ ಸಾಲಿಗೆ ಮುಂಚೆ ಆ ಒಂದು ಮಾತಿಗೆ ಜಾಗ ಬಿಟ್ಟಿದ್ದೀನಿ. ಆಗದಿದ್ರೆ ಹಾಗೇ ಬಿಡು, ಅಲ್ಲಿ ಗಾಳಿಯ ಸದ್ದು ಹಾಕ್ತಾರೆ."

ದೀಪ ಆರಿತು. ಪರದೆಯ ಮೇಲೆ ಅಕ್ಕ ಮಂಜಿನತ್ತ ನಡೆಯುತ್ತಿದ್ದಳು. ರಾಣಿಯ ತುಟಿಗಳು ಅಲುಗಿದವು. ಹಾಳೆಯಲ್ಲಿ ಆ ಜಾಗ ಖಾಲಿ.

ಅವಳ ಕಣ್ಣಿಗೆ ಕಂಡದ್ದು ಕೋಟೆಯಲ್ಲ, ಆಸ್ಪತ್ರೆಯ ಓಣಿ. ಆ ಬಿಳಿ ಹೊದಿಕೆ. ನೆಲದ ಮೇಲೆ ಕೂತು ಚಪ್ಪಲಿ ಚೀಪುತ್ತಿದ್ದ ಕಡ್ಡಿ. ಗಂಟಲು ಕಟ್ಟಿತು... ಹೆಡ್‌ಫೋನಿನಲ್ಲಿ ಅವನ ಉಸಿರು ಮೆಲ್ಲಗೆ ಬಂತು. ಒಂದು ಎಳೆತ, ಇನ್ನೊಂದು ಎಳೆತ. ಅವಳೂ ಅದರ ಜೊತೆಗೇ ಉಸಿರೆಳೆದುಕೊಂಡಳು.

"ಅಕ್ಕಾ..."

ಬಂತು! ಒಡೆದು, ನಡುಗಿ, ಆದರೂ ಬಂತು.

"ಅಕ್ಕಾ, ಹೋಗಿ ಬಾ. ಇಲ್ಲಿಯದು ನಾನು ನೋಡ್ಕೋತೀನಿ."

ದೀಪ ಹತ್ತಿದಾಗ ಅವಳು ನೆಲದ ಮೇಲೆ ಕೂತು ಬಿಕ್ಕಳಿಸುತ್ತಿದ್ದಳು. ಬಾಗಿಲು ತೆರೆಯಿತು. ಕತ್ತಿಗೆ ಬಟ್ಟೆ ಸುತ್ತಿಕೊಂಡು, ಮೊದಲಿಗಿಂತ ಅರ್ಧವಾಗಿದ್ದ ಅವನು ಎದುರಿಗೆ ಮಂಡಿಯೂರಿದ. ಅವಳು ಅವನ ಕತ್ತಿನ ಬಟ್ಟೆ ಸರಿಸಿ, ಗಾಯದ ಗುರುತನ್ನು ಬೆರಳ ತುದಿಯಿಂದ ಮುಟ್ಟಿದಳು.

"ನೋಯುತ್ತಾ?"

"ಈಗ ಇಲ್ಲ."

"ಅವತ್ತು ಹೇಳಬೇಕು ಅಂದಿದ್ದೆಯಲ್ಲ, ಏನದು?"

"ನೀನು, ಕಡ್ಡಿ ಇರೋ ಮನೆಗೆ... ನಾನೂ ಬರ್ಲಾ ಅಂತ."

ಅವಳು ಅವನ ಭುಜಕ್ಕೆ ತಲೆ ಒತ್ತಿದಳು. "ನಿನ್ನ ಮೇಲೆ ಜೀವ ಇಟ್ಕೊಂಡಿದ್ದೀನಿ ಕಣೋ. ಇದನ್ನೂ ಕೇಳಬೇಕಾ?"

ಸ್ಪೀಕರಿನಲ್ಲಿ ಸೌಂಡಣ್ಣನ ಗದ್ಗದ ಧ್ವನಿ ಗುಡುಗಿತು. "ಮೈಕು ಆರಿಸಿಲ್ಲ ಕಣ್ರೋ! ನಿಮ್ಮದೆಲ್ಲ ರೆಕಾರ್ಡ್ ಆಗ್ತಿದೆ! ಜೊತೆಗೆ ನನ್ನ ಅಳುವೂ!"

ಆದರೆ ಮುಖ್ಯವಾದ ಪರೀಕ್ಷೆ ಮನೆಯಲ್ಲಿತ್ತು.

ಕಡ್ಡಿ ಬಾಗಿಲು ತೆರೆದು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಓಡಿ ಬಂದು ಅಪ್ಪಿಕೊಳ್ಳಲಿಲ್ಲ. ಕೈಕಟ್ಟಿ ನಿಂತು, "ನಿಜವಾಗ್ಲೂ ಸವಾರ ಮಾಮನೇ ಆದ್ರೆ ಒಂದು ಡೈಲಾಗ್ ಹೇಳಿ," ಎಂದಳು.

ಅವನ ಮುಖ ಬಿಳಿಚಿತು.

"ನನ್ನ... ಕುದುರೆ... ಎಲ್ಲಿ?" ಎಂದ ಅವನು ಆ ಒರಟು ಪಿಸುಮಾತಿನಲ್ಲೇ.

ಹುಡುಗಿ ಅವನ ಕತ್ತಿನ ಬಟ್ಟೆ ನೋಡಿದಳು.

"ಯುದ್ಧದಲ್ಲಿ ಗಾಯ ಆಯ್ತಾ ಮಾಮ?"

"ಹೂಂ ಪುಟ್ಟಾ."

"ಗೆದ್ರಾ?"

ಅವನು ಹೌದೆಂದು ತಲೆಯಾಡಿಸಿದ. ಆಗ ಕಡ್ಡಿ ಬಾಗಿಲನ್ನು ಪೂರ್ತಿ ತೆರೆದಳು. "ಒಳಗೆ ಬನ್ನಿ ಮತ್ತೆ, ಯಾಕೆ ಅಲ್ಲೇ ನಿಂತಿದ್ದೀರಾ?"

ಚಿತ್ರ ಬಿಡುಗಡೆಯಾದ ದಿನ ಚಿತ್ರಮಂದಿರದ ಮುಂದೆ ಕಾಲಿಡಲು ಜಾಗವಿರಲಿಲ್ಲ. ಸವಾರನಿಗೆ ಹೊಸಬನ ಧ್ವನಿಯಂತೆ ಎಂದು ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು. "ಹಳಬ ಎಲ್ಲಿ ಹೋದ್ನೋ ಏನೋ!" ಎಂದರು ಒಬ್ಬರು, ಅವನ ಪಕ್ಕದಲ್ಲೇ ನಿಂತು. ಅವನು ಬಟ್ಟೆ ಸರಿಮಾಡಿಕೊಂಡ. ಅವಳು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಒಳಗೆ ಕಡ್ಡಿ ಇಬ್ಬರ ನಡುವೆ ಕೂತಳು. ದೀಪಗಳು ಒಂದೊಂದಾಗಿ ಆರಿದವು. ಪರದೆಯಿನ್ನೂ ಕಪ್ಪು. ಇಷ್ಟು ವರ್ಷ ಜೊತೆಗಿದ್ದ ರಾಣಿ ಇವತ್ತಿಗೆ ಮುಗಿಯುತ್ತಾಳೆ ಎಂದುಕೊಂಡಳು ಚಿಕ್ಕಮ್ಮ.

"ಚಿಕ್ಕಿ," ಎಂದಳು ಕಡ್ಡಿ ಪಿಸುದನಿಯಲ್ಲಿ, "ಈಗಲಾದ್ರೂ ಹೇಳು. ಸವಾರ ಬರ್ತಾನಾ?"

ಕತ್ತಲಲ್ಲಿ ಎರಡು ತುಂಡು ಉಸಿರು ಕೇಳಿಸಿತು.

"ಬಂದಾಯ್ತು," ಎಂದಿತು ಆ ಒರಟು ಧ್ವನಿ.

ಕಡ್ಡಿ ತಟ್ಟನೆ ಅವನ ಬಾಯಿಗೆ ಕೈ ಅಡ್ಡ ಇಟ್ಟಳು. "ಶ್ಶ್! ಕಥೆ ಹೇಳ್ಬಿಡ್ಬೇಡಿ ಮಾಮ!"

ಹುಡುಗಿಯ ತಲೆಯ ಹಿಂದಿನಿಂದ ಚಿಕ್ಕಮ್ಮನ ಕೈ ಅವನ ಭುಜಕ್ಕೆ ಬಂತು.

"ನಾನು ಹೇಳಲ್ಲ," ಎಂದಳು ಅವಳು. "ಸಹಿ ಹಾಕಿದ್ದೀನಿ."