ನಡುಮನೆಯ ಹೊಸ್ತಿಲು

"ಆ ಗೋಡೆಗೆ ಕೈ ಹಚ್ಬೇಡ ಕಣಪ್ಪ ಚೆಲುವರಾಜು. ಹೊಸ್ತಿಲಂತೂ ಕೀಳ್ಲೇಬೇಡ."

ಪಕ್ಕದ ಮನೆಯ ದೇವಿರಮ್ಮ ಪ್ರತಿ ಶುಕ್ರವಾರದಂತೆ ನಡುಮನೆಯ ಹೊಸ್ತಿಲಿಗೆ ಅರಿಸಿನ ಬಳಿದು, ಕುಂಕುಮವಿಟ್ಟು, ಸೊಂಟ ಹಿಡಿದು ಎದ್ದರು. ಲಕ್ಷ್ಮೀಪುರಂನ ಆ ಹಳೆಯ ಮನೆ ಚೆಲುವರಾಜುವಿನ ಕೈಗೆ ಬಂದಮೇಲೂ ಅವರು ಈ ಪೂಜೆ ಬಿಟ್ಟಿರಲಿಲ್ಲ. ಹಿಂದಿನ ಯಜಮಾನರ ಮನೆ ಕುಸಿಯಲೆಂದು ದಾಯಾದಿಗಳು ಮಾಟ ಮಾಡಿಸಿದ್ದರಂತೆ. ಮಂತ್ರವಾದಿಯೊಬ್ಬ ಅದನ್ನು ಈ ಹೊಸ್ತಿಲಲ್ಲಿ ಮೊಳೆ ಹೊಡೆದು ಕಟ್ಟಿಹಾಕಿದ್ದನಂತೆ.

"ಕಿತ್ರೆ, ಮನೆ ಹೊರೋಕೆ ಒಂದು ಜೀವ ಕೇಳ್ತದೆ."

ಚೆಲುವರಾಜು ನಕ್ಕ. "ಇಂಜಿನಿಯರ್ ನೋಡವ್ರೆ ಅಮ್ಮ. ಕಬ್ಬಿಣದ ತೊಲೆ ಹಾಕ್ತೀವಿ. ನಿಮ್ಮ ಮಂತ್ರವಾದಿಗೂ ಒಂದು ಹೆಲ್ಮೆಟ್ ಕೊಡಿಸ್ತೀನಿ ಬುಡಿ."

ಅಪಘಾತದಲ್ಲಿ ತಾಯಿಯನ್ನೂ ಕಾಲಿನ ಶಕ್ತಿಯನ್ನೂ ಕಳೆದುಕೊಂಡ ಮಗಳು ಗಗನಳ ಗಾಲಿಕುರ್ಚಿ ಆ ಕಿರುಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ. ಹಾಸಿಗೆಗೂ ಬಚ್ಚಲಿಗೂ ಅವನೇ ಹೊತ್ತು ದಾಟಿಸಬೇಕು. "ನನ್ನ ಎತ್ತಿ ಎತ್ತಿ ಗೂನಾಗ್ಬುಟ್ಟೆ ಕಣಪ್ಪ," ಎಂದು ಅವಳು ಛೇಡಿಸುವಳು. ತನ್ನ ನಂತರ ಇವಳನ್ನು ಎತ್ತುವವರು ಯಾರು ಎಂಬ ಚಿಂತೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಅದಕ್ಕೇ ಗೋಡೆ ಒಡೆದು ಬಾಗಿಲು ಅಗಲ ಮಾಡಿಸಲು ಹೊರಟಿದ್ದ.

ಸೋಮವಾರ ಕೆಲಸ ಶುರುವಾಯಿತು. ತಾರಸಿಗೆ ಕಬ್ಬಿಣದ ಜಾಕಿಗಳ ಆಸರೆ ಕೊಟ್ಟು ಗೋಡೆ ಒಡೆದರು. ಹಳೆಯ ಗಾರೆಯ ಹುಳಿವಾಸನೆ ಮನೆ ತುಂಬಿತು. ಹೊಸ್ತಿಲು ಮೇಲೆದ್ದಾಗ ಅದರಡಿಯ ಮೊಳೆಗಳು ಒದ್ದೆಯಾಗಿದ್ದವು. ಬೆರಳಿಗೆ ಅಂಟಿದ್ದು ತುಕ್ಕಲ್ಲ; ನೆತ್ತರಿನ ನಾತ ಬಂತು. ಮೇಸ್ತ್ರಿ ರವಿಚಂದ್ರ ಮುಖ ತಿರುಗಿಸಿದ. ಚೆಲುವರಾಜು ತಾನೇ ಅದನ್ನು ಹೊತ್ತೊಯ್ದು ಬೀದಿಯ ಕಲ್ಲುಮಣ್ಣಿನ ರಾಶಿಗೆ ಎಸೆದುಬಂದ.

ಆಳುಗಳು ಊಟಕ್ಕೆ ಹೋದರು. ಅವನು ಒಡೆದ ಬಾಗಿಲಡಿ ನಿಂತು ಅಗಲ ನೋಡುತ್ತಿದ್ದ. ಸುಡುಮಧ್ಯಾಹ್ನ. ಆದರೂ ನಡುಮನೆ ಕತ್ತಲಾಯಿತು. ದೂಳು ಕೆಳಗಿಳಿಯದೆ ಗಾಳಿಯಲ್ಲೇ ನಿಂತಿತು. ಮೇಲೆ ಮರದ ತೊಲೆ ನರಳಿತು. ಒಂದು ಜಾಕಿ ಕಬ್ಬಿನ ಸೋಗೆಯ ಹಾಗೆ ಬಾಗಿತು. ಇನ್ನೊಂದು. ತಾರಸಿ ಇಳಿಯಿತು. ಓಡಲು ಹೋದ. ಬಿದ್ದ.

"ಅಪ್ಪಾ!"

ಒಳಕೋಣೆಯಲ್ಲಿ ಗಾಲಿಕುರ್ಚಿ ಉರುಳಿದ ಸದ್ದು. ಆಮೇಲೆ ಹೆಜ್ಜೆಯ ಸದ್ದು. ಹೆಜ್ಜೆ!

ಎಲ್ಲ ನಿಂತಿತು. ದೂಳು ಸರಿಯಿತು. ಹೊಸ್ತಿಲಿದ್ದ ಜಾಗದಲ್ಲಿ ಗಗನ ನಿಂತಿದ್ದಳು. ತನ್ನ ಕಾಲ ಮೇಲೆ. ಎರಡೂ ಕೈ ಎತ್ತಿ, ತೊಲೆ ಹೊತ್ತು.

ಅವನು ನಂಜುಂಡೇಶ್ವರನನ್ನು ನೆನೆದು ಅತ್ತುಬಿಟ್ಟ. "ನಿಂತ್ಬುಟ್ಟೆಯಲ್ಲ ಮಗಳೇ! ಬಾ, ಈಚೆಗೆ ಬಾ."

"ಆಗಲ್ಲ ಕಣಪ್ಪ. ಕಾಲು ಬರ್ತಿಲ್ಲ. ನೆಲ ಹಿಡ್ಕೊಂಡ್ಬುಟ್ಟದೆ."

ಸೊಂಟ ಹಿಡಿದು ಎಳೆದ. ತಾರಸಿ ಬಿರಿಯಿತು. ತಾನೇ ಹೆಗಲು ಕೊಟ್ಟ. ಭಾರ ಅವನಿಗೆ ತಾಗಲೇ ಇಲ್ಲ, ಅವಳ ಕೈ ಮೇಲೇ ಉಳಿಯಿತು. ಹೊಸ್ತಿಲಿಗಾಗಿ ಬೀದಿಗೆ ಓಡಿದ. ರಾಶಿಯನ್ನು ಲಾರಿ ಒಯ್ದಾಗಿತ್ತು. ಮರುದಿನ ಇಂಜಿನಿಯರ್ ಕೂರಿಸಿದ ಕಬ್ಬಿಣದ ತೊಲೆಯೂ ಬಾಗಿತು. ಪುರೋಹಿತರು ಬಂದರು, ನೋಡಿದರು, ಕೈಮುಗಿದು ಹೊರಟುಹೋದರು.

ಶುಕ್ರವಾರ ದೇವಿರಮ್ಮ ಬಂದರು. ಹೇಳಿರಲಿಲ್ಲವೇ ಎಂದು ಹಂಗಿಸಲಿಲ್ಲ. ಚೆಲುವರಾಜು ಮಗಳ ಬಾಯಿಗೆ ತುತ್ತು ಇಡುತ್ತಿದ್ದ. ಅವಳು ನುಂಗುವುದನ್ನು ಮರೆತಿದ್ದಳು. ಖಾಲಿ ಕುರ್ಚಿ ಮೂಲೆಯಲ್ಲಿತ್ತು. ದೇವಿರಮ್ಮ ನೆಲದ ಮೇಲೆ ಕುಳಿತು, ಬಟ್ಟಲಲ್ಲಿ ಅರಿಸಿನ ಕಲಸಿ, ಗಗನಳ ಪಾದಗಳಿಗೆ ಬಳಿದರು. ಪಾದಗಳು ಕಲ್ಲಿನಂತೆ ತಣ್ಣಗಿದ್ದವು. ಕುಂಕುಮವಿಟ್ಟರು. ಸೆರಗಿನಿಂದ ಕಣ್ಣೊರೆಸಿಕೊಂಡರು.

"ದಾಟುವಾಗ ತುಳೀಬೇಡ ಕಣಪ್ಪ," ಎಂದರು.