ಸಿಂಕಿಗೆ ಹೋಗದ ಬೆಳ್ಳಿ

ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಬಾಲಕಿಯರ ಖಾಸಗಿ ಪದವಿಪೂರ್ವ ಕಾಲೇಜಿನ ಪ್ರಾಂಶುಪಾಲರು ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ರಾತ್ರಿ ಯಾರೋ ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ನುಗ್ಗಿ, ಬುಧವಾರದ ಪ್ರಾಯೋಗಿಕ ಪರೀಕ್ಷೆಗೆ ಸಿದ್ಧಪಡಿಸಿದ್ದ ದ್ರಾವಣಗಳನ್ನೆಲ್ಲ ಚೆಲ್ಲಿದ್ದರು. ಪರೀಕ್ಷೆಯನ್ನು ಎರಡು ವಾರ ಮುಂದೂಡಬೇಕಾಗಿ ಬಂದಿತ್ತು. ಶಂಕೆ ಯಾರ ಮೇಲೆ ಎಂಬುದನ್ನೂ ಅವರೇ ಬರೆದು ತಂದಿದ್ದರು. ಅವಳು ಎರಡನೇ ವರ್ಷದ ವಿದ್ಯಾರ್ಥಿನಿ. ಕಳೆದ ತಿಂಗಳು ಅವಳ ಕೈಯಲ್ಲಿ ಪ್ರನಾಳವೊಂದು ಸಿಡಿದಂದಿನಿಂದ ಹಾಸ್ಟೆಲಿನಲ್ಲಿ ಎಲ್ಲರಿಗೂ ಅವಳು ‘ಪಟಾಕಿ’.

“ನಿನ್ನೆ ಸಂಜೆ ಕೆಮಿಸ್ಟ್ರಿ ಮೇಡಂ ಅವಳನ್ನ ಲ್ಯಾಬಿಂದ ಆಚೆ ಹಾಕಿದ್ರು. ಊಟದ ಹೊತ್ತಿಗೆ ಅವಳು ಲ್ಯಾಬ್ ಬಾಗಿಲ ಹತ್ರ ಸುಳಿದಾಡ್ತಿದ್ದಳು, ವಾರ್ಡನ್ ನೋಡಿದ್ದಾರೆ. ಇನ್ನೇನು ಬೇಕು?”

“ನಿಮಗೆ ಬೇಡದೇ ಇರಬಹುದು ಸಾರ್. ನಮಗೆ ಬೇಕು,” ಎಂದರು ಇನ್ಸ್‌ಪೆಕ್ಟರ್. ಆಕೆ ಬಿ.ಎಸ್ಸಿ. ಮುಗಿಸಿ ಇಲಾಖೆ ಸೇರಿದವರು. ಎಫ್‌ಐಆರ್ ದಾಖಲಾಯಿತು.

ಹತ್ತು ಗಂಟೆಗೆ ಪಂಚನಾಮೆ ಶುರುವಾಯಿತು. ಪ್ರಯೋಗಾಲಯದ ಹಿಂಬಾಗಿಲ ಚಿಲಕ ಸಡಿಲ. ತಳ್ಳಿದರೆ ತೆರೆದುಕೊಳ್ಳುತ್ತದೆಂಬುದು ಇಡೀ ಕಾಲೇಜಿಗೆ ಗೊತ್ತಿತ್ತು. ಬಾಟಲಿಗಳೆಲ್ಲ ಖಾಲಿ. ಆದರೆ ಒಂದೂ ಒಡೆದಿರಲಿಲ್ಲ. ಪ್ರತಿಯೊಂದಕ್ಕೂ ಅದರದೇ ಮುಚ್ಚಳ ಹಾಕಿ, ಇದ್ದ ಜಾಗದಲ್ಲೇ ಇಟ್ಟಿದ್ದರು.

“ಕೋಪದಲ್ಲಿ ಮಾಡಿದ ಕೆಲಸ ಅಲ್ಲ ಬಿಡಿ ಮೇಡಂ,” ಎಂದರು ದಫೇದಾರರು. “ನಮ್ಮನೆಯೋಳಿಗೆ ಕೋಪ ಬಂದ್ರೆ ಅಡುಗೆಮನೇಲಿ ಒಂದು ಲೋಟನೂ ನೆಟ್ಟಗೆ ನಿಂತಿರಲ್ಲ.”

ಇನ್ಸ್‌ಪೆಕ್ಟರ್ ಸಿಂಕುಗಳ ಮೇಲೆ ಬಗ್ಗಿದ್ದರು. ಸಿಲ್ವರ್ ನೈಟ್ರೇಟಿನ ಬಾಟಲಿಯೂ ಖಾಲಿಯಾಗಿತ್ತು. ಅದು ಹೈಡ್ರೋಕ್ಲೋರಿಕ್ ಆಸಿಡ್ಡಿನ ಜತೆ ಸಿಂಕಿಗೆ ಬಿದ್ದಿದ್ದರೆ ಮೊಸರಿನಂಥ ಬಿಳಿ ಗಷ್ಟು ಕಟ್ಟಬೇಕು, ಬೆಳಕು ತಾಗಿದಂತೆ ಅದು ನೇರಳೆಗೆ ತಿರುಗಬೇಕು. ಸಿಂಕುಗಳಲ್ಲಿ ಅಂಥದ್ದೇನೂ ಇರಲಿಲ್ಲ. ಕೆಳಗಿನ ಕೊಳವೆ ಬಿಚ್ಚಿಸಿದರು. ಅಲ್ಲೂ ಇರಲಿಲ್ಲ.

ಪಟಾಕಿಯನ್ನು ಮಹಿಳಾ ಪೇದೆ ಗ್ರಂಥಾಲಯದಲ್ಲಿ ಕೂರಿಸಿದ್ದರು.

“ರಾತ್ರಿ ಲ್ಯಾಬ್ ಹತ್ರ ಯಾಕಮ್ಮ ಹೋಗಿದ್ದೆ?”

“ಏಪ್ರನ್ ಮರೆತಿದ್ದೆ ಮೇಡಂ. ಕತ್ತಲೆ ನೋಡಿ ಭಯ ಆಯ್ತು, ವಾಪಸ್ ಬಂದೆ.”

“ಸಂಜೆ ನಿನ್ನ ಆಚೆ ಹಾಕಿದ್ದು ಯಾಕೆ?”

“ಬಾಟಲಿ ಮುಚ್ಚಳ ಮೇಜಿನ ಮೇಲಿಟ್ಟೆ. ಸುರಿದು ಮುಗಿಯೋ ತನಕ ಬೆರಳಲ್ಲೇ ಹಿಡ್ಕೋಬೇಕು. ನೂರು ಸಲ ಹೇಳಿದ್ದಾರೆ. ನನ್ನ ಕೈ ಮಾತು ಕೇಳಲ್ಲ.”

“ಮಿಕ್ಕಿದ ಸಿಲ್ವರ್ ನೈಟ್ರೇಟನ್ನ ಎಲ್ಲಿ ಚೆಲ್ತೀರಿ?”

ಹುಡುಗಿ ಅಳು ಮರೆತು ತಲೆಯೆತ್ತಿದಳು. “ಚೆಲ್ಲೋದಾ! ಅದು ಬೆಳ್ಳಿ ಮೇಡಂ. ಸಿಂಕಿಗೆ ಒಂದು ಹನಿ ಬಿದ್ರೂ ಕೆಮಿಸ್ಟ್ರಿ ಮೇಡಂ ಬಿಡಲ್ಲ. ಕಂದು ಜಾಡಿಗೆ ಹಾಕ್ಬೇಕು. ಅವರು ಆಮೇಲೆ ಉಪ್ಪು ಹಾಕಿ, ಬೆಳ್ಳೀನ ತಳಕ್ಕೆ ಇಳಿಸಿ, ಜಾಡೀನ ಒಳಕೋಣೇಲಿಟ್ಟು ಬೀಗ ಹಾಕ್ತಾರೆ.”

“ನಿನ್ನೆ ಜಾಡಿ ಎಷ್ಟು ತುಂಬಿತ್ತು?”

“ಅರ್ಧಕ್ಕೂ ಕಮ್ಮಿ ಇತ್ತು.” ಸ್ವಲ್ಪ ತಡೆದು ಕೇಳಿದಳು, “ನನ್ನ ಪರೀಕ್ಷೆಗೆ ಕೂರಿಸಲ್ಲವಂತೆ, ಹೌದಾ ಮೇಡಂ? ಈ ವರ್ಷ ಹೋದ್ರೆ ಅಪ್ಪ ಮತ್ತೆ ಓದಿಸಲ್ಲ.”

ಇನ್ಸ್‌ಪೆಕ್ಟರ್ ಎದ್ದು, ಒಳಕೋಣೆಯ ಕೀಲಿ ಯಾರ ಹತ್ತಿರ ಇದೆಯೆಂದು ವಿಚಾರಿಸಲು ಹೊರಟರು.

ಒಳಕೋಣೆಯ ಕೀಲಿ ಒಂದೇ. ಅದು ಕೆಮಿಸ್ಟ್ರಿ ಮೇಡಂ ಕೈಚೀಲದಲ್ಲಿತ್ತು. ಅವರು ಯಾವ ತಕರಾರೂ ಇಲ್ಲದೆ ಬಂದು ಬಾಗಿಲು ತೆರೆದರು. ಕಂದು ಜಾಡಿ ಕತ್ತಿನವರೆಗೆ ತುಂಬಿತ್ತು.

“ಇದು ನಿನ್ನೆಯೂ ಇಷ್ಟೇ ಇತ್ತಾ?”

“ಹೂಂ. ವರ್ಷದ ಕೊನೆ ಅಲ್ವಾ, ತುಂಬಿರುತ್ತೆ.”

ದಫೇದಾರರು ಹಾಸ್ಟೆಲಿನ ಅಡುಗೆಮನೆಯಿಂದ ಉಪ್ಪು ತಂದರು. ಇನ್ಸ್‌ಪೆಕ್ಟರ್ ಜಾಡಿಯ ಮೇಲಿನ ತಿಳಿಯನ್ನು ಒಂದು ಪ್ರನಾಳಕ್ಕೆ ತೆಗೆದು, ಪಂಚರ ಎದುರಿಗೆ ಚಿಟಿಕೆ ಉಪ್ಪು ಹಾಕಿದರು. ತಿಳಿ ಒಮ್ಮೆಲೇ ಬೆಳ್ಳಗೆ ಒಡೆಯಿತು. ಬೆಳ್ಳಿಯೆಲ್ಲ ಮೊದಲೇ ತಳಕ್ಕಿಳಿದಿದ್ದರೆ ಹೀಗಾಗುತ್ತಿರಲಿಲ್ಲ. ಸಂಜೆ ಉಪ್ಪು ಹಾಕಿ ಮುಗಿಸಿದ್ದ ಜಾಡಿಗೆ ಆಮೇಲೆ ಯಾರೋ ಹೊಸ ಸಿಲ್ವರ್ ನೈಟ್ರೇಟ್ ಸುರಿದಿದ್ದರು. ಜಾಡಿಗೆ ಮೊಹರು ಮಾಡಿಸಿ, ಪಂಚರನ್ನು ಹೊರಗೆ ಕಳಿಸಿದರು.

“ಬಂದವರು ಮಿಕ್ಕಿದ್ದೆಲ್ಲಾ ಸಿಂಕಿಗೆ ಸುರಿದ್ರು. ಬೆಳ್ಳಿ ಮಾತ್ರ ಇಲ್ಲಿಗೆ ತಂದು, ಬೀಗ ತೆಗೆದು ಜಾಡಿಗೆ ಹಾಕಿ, ಮತ್ತೆ ಬೀಗ ಹಾಕ್ಕೊಂಡು ಹೋದ್ರು. ಯಾರಿರಬಹುದು ಮೇಡಂ?”

ಶಿಕ್ಷಕಿ ಕೀಲಿಯನ್ನು ಕೈಚೀಲಕ್ಕೆ ಹಾಕಿಕೊಂಡರು.

“ಕಾರಿಡಾರಿನಲ್ಲಿ ಒಬ್ಬ ಹುಡುಗೀನ ನೋಡಿದೆ. ಬಲಗೈಗೆ ಪ್ಲಾಸ್ಟರ್ ಇತ್ತು.”

“ನನ್ನ ಮಗಳು. ಎರಡನೇ ವರ್ಷ.”

“ಪ್ಲಾಸ್ಟರ್ ಯಾವಾಗ ಬಿಚ್ತಾರೆ?”

“ಮುಂದಿನ ವಾರ.”

ಇನ್ಸ್‌ಪೆಕ್ಟರ್ ಕಿಟಕಿಯತ್ತ ಕೈ ತೋರಿಸಿದರು. ಹಾಸ್ಟೆಲಿನ ಮೆಟ್ಟಿಲ ಮೇಲೆ ಒಂದು ಟ್ರಂಕು, ಅದರ ಮೇಲೆ ಸುತ್ತಿಟ್ಟ ಹಾಸಿಗೆ. “ನೀವು ನಿನ್ನೆ ಆಚೆ ಹಾಕಿದ್ರಲ್ಲ, ಆ ಹುಡುಗೀದು. ಮಧ್ಯಾಹ್ನ ಅವರಪ್ಪ ಬಂದು ಕರ್ಕೊಂಡು ಹೋಗ್ತಾರಂತೆ.”

ಶಿಕ್ಷಕಿ ಆ ಟ್ರಂಕನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸ್ಟೂಲು ಎಳೆದು ಕೂತರು.

“ನನ್ನ ಮಗಳೊಬ್ಬಳಿಗೆ ಬೇರೆ ದಿನ ಕೊಡಿ ಅಂತ ಬೋರ್ಡಿನವರ ಹತ್ರ ಕೈ ಮುಗಿದು ಕೇಳ್ಕೊಂಡೆ. ಒಬ್ಬಳಿಗೋಸ್ಕರ ಆಗಲ್ಲ ಅಂದ್ರು. ಎಲ್ಲರಿಗೂ ಮುಂದೆ ಹೋದ್ರೆ ಯಾರಿಗೂ ನಷ್ಟ ಇಲ್ಲ ಅಂದ್ಕೊಂಡೆ. ಬೆಳಿಗ್ಗೆ ಪ್ರಾಂಶುಪಾಲರು ಪಟಾಕಿ ಹೆಸರು ಹೇಳಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.”

“ಬೆಳ್ಳೀನೂ ಚೆಲ್ಲಿದ್ರೆ ನಮಗೆ ಗೊತ್ತಾಗ್ತಿರಲಿಲ್ಲ.”

“ಯೋಚನೆನೇ ಬರಲಿಲ್ಲ ಮೇಡಂ. ಕೈ ತಾನಾಗೇ ಜಾಡಿಗೆ ಹೋಯ್ತು.”

ಮೂರು ಗಂಟೆಗೆ ಶಿಕ್ಷಕಿಯ ಹೇಳಿಕೆ ದಾಖಲಿಸಿ ಅವರನ್ನು ಬಂಧಿಸಲಾಯಿತು. ಪಟಾಕಿಯ ಮೇಲಿನ ಶಂಕೆ ಕೈಬಿಟ್ಟಿರುವುದಾಗಿ ಇನ್ಸ್‌ಪೆಕ್ಟರ್ ಪ್ರಾಂಶುಪಾಲರಿಗೆ ಬರೆದು ಕೊಟ್ಟರು. ದಫೇದಾರರು ಯಾರೂ ಹೇಳದೆಯೇ ಟ್ರಂಕನ್ನು ಎತ್ತಿ ಹಾಸ್ಟೆಲಿನ ಒಳಗಿಟ್ಟು ಬಂದರು. ಮಗಳು ಎಡಗೈಯಲ್ಲಿ ಅಮ್ಮನ ಕೈಚೀಲ ಹಿಡಿದು ಜೀಪಿನವರೆಗೆ ಬಂದಳು.

ಗೇಟಿನ ಹತ್ತಿರ ಪಟಾಕಿ ನಿಂತಿದ್ದಳು. ಜೀಪು ಹತ್ತುವ ಮುಂಚೆ ಶಿಕ್ಷಕಿ ಅವಳತ್ತ ತಿರುಗಿದರು. ಏನೋ ಬೇರೆಯದೇ ಹೇಳಲು ಬಾಯಿ ತೆರೆದಂತಿತ್ತು.

“ಪರೀಕ್ಷೇಲಿ ಮುಚ್ಚಳ ಮೇಜಿನ ಮೇಲೆ ಇಡಬೇಡ,” ಎಂದರು.

ಹುಡುಗಿ ಹೂಂ ಎನ್ನಲಿಲ್ಲ. ಆದರೆ ಅವಳ ಬಲಗೈಯ ಎರಡು ಬೆರಳು, ನಡುವೆ ಏನನ್ನೋ ಹಿಡಿದ ಹಾಗೆ, ಬಿಗಿದುಕೊಂಡವು.