ಕಾಲು ನೆನೆಯದ ಯುವರಾಜ

ಹೊಳೆಗಳಿಗೂ ಬಾಯಿದ್ದ ಕಾಲ ಅದು. ಕೆಂದಾವರೆಪುರ ಅಂತ ಒಂದು ರಾಜ್ಯ. ಅಲ್ಲೊಬ್ಬ ಯುವರಾಜ, ಹೆಸರು ರತ್ನಾಂಗದ. ರತ್ನ ಹೆಸರಲ್ಲಿ ಮಾತ್ರ. ಕಾಲು ಗಬ್ಬು ನಾರುತ್ತಿತ್ತು. ಅರಮನೆಯಲ್ಲಿ ಹೊತ್ತುಹೊತ್ತಿಗೂ ಧೂಪ ಹಾಕುತ್ತಿದ್ದದ್ದು ಭಕ್ತಿಗೆ ಅಂದುಕೊಂಡಿರಾ? ಯುವರಾಣಿ ಮೂಗು ಮುಚ್ಚಿಕೊಂಡು ಬೇರೆ ಕೋಣೆಯಲ್ಲಿ ಮಲಗುತ್ತಿದ್ದಳು. ಊರಿಗೆಲ್ಲ ಗೊತ್ತು, ಬಾಯಿ ಬಿಡೋರು ಯಾರು?

ನಾತ ಶುರುವಾದದ್ದು ಅವನು ಕಾಡು ಸುತ್ತಿ ಬಂದ ಮೇಲೆ. "ಮನಸ್ಸಿಗೆ ಬೇಸರ, ಎರಡು ದಿನ ಹೊಳೆಯ ಕಣಿವೆಯಲ್ಲಿ ನಡೆದು ಬರ್ತೀನಿ" ಅಂತ ಹೊರಟ. ಏನು ಕಡಿದು ಗುಡ್ಡೆ ಹಾಕಿದ್ದನೋ ಬೇಸರ ಬರೋಕೆ! ಕೈ ಬೀಸಿಕೊಂಡು ನಡೆಯೋದು ಇವನು. ಹಾಸಿಗೆ, ಪಾತ್ರೆ, ಹೋಳಿಗೆ ಬುಟ್ಟಿ ಹೊರೋದು ಆಳುಗಳು. ತಿರುಗಿ ಬಂದದ್ದು ಮಾತ್ರ ಇವನೊಬ್ಬನೇ.

"ಆಳುಗಳೆಲ್ಲ ಕಾಡಿನ ಹೆಣ್ಣುಗಳ ಹಿಂದೆ ಓಡಿಹೋದರು" ಅಂದುಬಿಟ್ಟ. ಊರು ನಂಬಿತು. ಇಂಥ ಸುದ್ದಿ ನಂಬೋಕೆ ಯಾರಿಗೆ ಕಷ್ಟ?

ನಂಬದವಳು ಹಾಲವ್ವ. ಹೋಳಿಗೆ ಬುಟ್ಟಿ ಹೊತ್ತ ಬರಮಪ್ಪ ಅವಳ ಗಂಡ.

"ಕೈ ತೊಳೆಯೋ ಮುಂಚೆಯೇ ಗೊರಕೆ ಹೊಡೆಯೋ ಗಂಡಸು, ಹೆಣ್ಣಿನ ಹಿಂದೆ ಓಡಿದನಂತೆ!" ಅಂದು ಸೆರಗು ಸಿಕ್ಕಿಸಿ ಕಣಿವೆಗೆ ನಡೆದಳು.

ಆ ಹೊಳೆ ದಾರಿಗೆ ಮೂರು ಸಲ ಅಡ್ಡ ಬರುತ್ತದೆ. ಮೊದಲ ಸಲ ಮೊಣಕಾಲುದ್ದ ನೀರು, ನೀರಲ್ಲಿ ಸಾಲಾಗಿ ಕಲ್ಲು. ದಡದಲ್ಲಿದ್ದ ಎರಡು ತಲೆಯ ಹುಲಿ ಹೇಳಿತು: "ಕಲ್ಲು ತುಳಿದು ದಾಟು. ಸೀರೆ ನೆನೆದೀತು."

ಹಾಲವ್ವ ಕಲ್ಲು ಮುಟ್ಟಿದಳು. ಮೈಯ ಹಾಗೆ ಬೆಚ್ಚಗಿತ್ತು. ತುಳಿಯೋಕೆ ಮನಸ್ಸು ಬರಲಿಲ್ಲ. "ನೆನೆದರೆ ಒಣಗುತ್ತೆ. ನೀನು ಎರಡೂ ಬಾಯಿ ಮುಚ್ಚು" ಅಂದು ನೀರಿಗಿಳಿದಳು.

ಎರಡನೇ ಸಲ ಸೊಂಟದುದ್ದ ನೀರು. ರೆಕ್ಕೆಯ ಮೊಸಳೆ ಕೇಳಿತು: "ಯುವರಾಜರೇ ಕಲ್ಲು ತುಳಿದು ದಾಟಿದರು. ನೀನು ಯಾವ ದೊಡ್ಡವಳೇ?"

"ಅವನು ತುಳಿದ ಅಂತಲೇ ನಾನು ತುಳಿಯಲ್ಲ."

ಮೂರನೇ ಸಲ ಕುತ್ತಿಗೆಯುದ್ದ ನೀರು. ನಡುವಿನ ಕಲ್ಲಿನ ಮೇಲೆ ಮಾಟಗಾರ ಗೂಬೆಕಣ್ಣ ಕೂತು ಹೋಳಿಗೆ ಮೆಲ್ಲುತ್ತಿದ್ದ. "ತುಳಿಯೇ, ಇಲ್ಲಾಂದ್ರೆ ಮುಳುಗ್ತೀಯ!" ಅಂದ. ಅವನ ಅಡಿಯ ಕಲ್ಲು ಗೊರ್ ಗೊರ್ ಅಂತ ಗೊರಕೆ ಹೊಡೆಯಿತು.

"ಥೂ, ಇಲ್ಲೂ ಗೊರಕೆನಾ!" ಅಂದಳು ಹಾಲವ್ವ. ಕಣ್ಣಲ್ಲಿ ನೀರು ಬಂತು. ಆದರೂ ತುಳಿಯದೆ ಕುತ್ತಿಗೆವರೆಗೂ ನೀರಿಗಿಳಿದಳು.

ಆಗ ಹೊಳೆ ಅವಳ ಕಿವಿಯಲ್ಲಿ ಹೇಳಿತು: "ಮೂರು ಸಲವೂ ನನ್ನೊಳಗೆ ಇಳಿದವಳು ನೀನೊಬ್ಬಳೇ, ಕೇಳು ತಾಯಿ. ಕಾಲು ನೆನೆಯಬಾರದು ಅಂದ ಯುವರಾಜ. ಕಲ್ಲಿನ ಮೇಲೆ ಕೂತ ಇವನು ಆಳುಗಳನ್ನೇ ಕಲ್ಲು ಮಾಡಿ ಹಾಸಿದ. ಯುವರಾಜನ ಕಾಲಿಗೆ ನೀರು ಬೀಳೋ ತನಕ ಇವರು ಕಲ್ಲೇ. ಗುಟ್ಟು ರಟ್ಟಾದೀತು ಅಂತಲೇ ಅವನು ಕಾಲು ತೊಳೆಯೋದಿಲ್ಲ. ಇವರ ಉಸಿರು ಕುಡಿದೇ ಈ ಮಾಟಗಾರ ಬದುಕಿರೋದು."

ಹಾಲವ್ವ ದಾರಿಯುದ್ದಕ್ಕೂ ಶಾಪ ಹಾಕುತ್ತಾ ಊರಿಗೆ ಬಂದಳು. ಅರಮನೆಗೆ ಹೇಳಿ ಕಳಿಸಿದಳು: "ಗಂಡ ಓಡಿಹೋದದ್ದು ನಿಜ ಅಂತ ಊರ ಮುಂದೆ ಒಪ್ಪಿಕೊಳ್ತೀನಿ. ಯುವರಾಜರು ನನ್ನ ಮನೇಲಿ ಒಂದು ತುತ್ತು ಉಂಡು ಹೋಗಲಿ."

ಯುವರಾಜ ಉಬ್ಬಿಹೋದ. ಜರಿಯ ಚಡಾವು ಮೆಟ್ಟಿ ಮೆರೆಯುತ್ತಾ ಬಂದ. ಊರೆಲ್ಲ ಸೇರಿತ್ತು. ಹಾಲವ್ವ ಹೊಸಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದಳು.

"ಕಾಲಿಗೆ ನೀರು ತಗೊಳ್ಳಿ, ದೊರೆ."

"ಬೇಡ."

"ಕಾಲು ತೊಳೆಯದೆ ಈ ಊರಲ್ಲಿ ಯಾರೂ ಯಾರ ಮನೆಯೊಳಗೂ ಬರಲ್ಲ."

"ನಾನು ಯುವರಾಜ ಕಣೇ!"

"ಅದಕ್ಕೇ ತಂಬಿಗೆ ಸಾಲದು" ಅಂದವಳೇ, ಪಕ್ಕದಲ್ಲಿದ್ದ ನೀರಿನ ಹಂಡೆಯನ್ನು ಅವನ ಕಾಲ ಮೇಲೆ ಬೋರಲು ಹಾಕಿದಳು.

ಅತ್ತ ಕಣಿವೆಯಲ್ಲಿ ಕಲ್ಲುಗಳೆಲ್ಲ ಮೈಮುರಿದು ಎದ್ದು ನಿಂತವು. ಮೇಲೆ ಕೂತಿದ್ದ ಗೂಬೆಕಣ್ಣ ತಲೆಕೆಳಗಾಗಿ ಬಿದ್ದ. ಹೊಳೆ ಅವನನ್ನು ಕೊಚ್ಚಿಕೊಂಡು ಹೋಯಿತು. ಆಳುಗಳು ತೊಯ್ದ ಮೈಯಲ್ಲೇ ಊರಿಗೆ ಬಂದು ನಡೆದದ್ದನ್ನೆಲ್ಲ ರಾಜನಿಗೆ ಒದರಿದರು. ಬರಮಪ್ಪನ ಬುಟ್ಟಿ ಖಾಲಿ.

ರಾಜ ಮಗನ ಚಡಾವು ಕಿತ್ತು, ಅವನನ್ನು ಹೊಳೆಗೆ ಅಟ್ಟಿದ. ದಾಟಬೇಕಾದವರನ್ನೆಲ್ಲ ಬೆನ್ನ ಮೇಲೆ ಹೊತ್ತು ದಾಟಿಸೋದು ಇನ್ನು ಅವನ ಕೆಲಸ. ಬರಮಪ್ಪ ಮನೆಯಲ್ಲಿ ಗೊರಕೆ ಹೊಡೆದ, ಹಾಲವ್ವ ಬೈದಳು, ಎಲ್ಲರೂ ಸುಖವಾಗಿದ್ದರು.

ಯುವರಾಜ ಸಂಜೆಗೆ ತೊಳೆದ ಕಾಲಲ್ಲಿ ಬಂದು ಯುವರಾಣಿಯ ಕದ ತಟ್ಟಿದ. "ನಾತ ಹೋಯಿತು, ಬಾಗಿಲು ತೆಗಿ."

ಒಳಗಿಂದ ಉತ್ತರ ಬಂತು: "ಎಲ್ಲಿ ಹೋಯಿತು? ನೀವಿನ್ನೂ ಇಲ್ಲೇ ಇದ್ದೀರಲ್ಲ!"